ಧರ್ಮಪಾಲನ ಮನೆಗೆ ಬಿದ್ದ ಹಗ್ಗ

ಗುಳ್ಳ ಬದನೆಯ ಪದಾರ್ಥ ಬಾಯಿಗಿಟ್ಟ ಧರ್ಮಪಾಲ, "ಅಕ್ಕ ಮಾಡಿದ ಹಾಗೆ ಆಗಲಿಲ್ಲ" ಎಂದ. ಹನ್ನೊಂದು ವರ್ಷದ ಸಂಸಾರದಲ್ಲಿ ಈ ಮಾತು ಹೊಸದಲ್ಲ. ಆದರೆ ಎಪ್ಪತ್ತೈದನೇ ಇಸವಿಯ ಆ ಬೆಳಿಗ್ಗೆ ಹೆಂಡತಿ ಮೋಹಿನಿ ಸೌಟು ಕೆಳಗಿಟ್ಟಳು.

"ಹಾಗಾದರೆ ನಾವು ಬೇರೆ ಆಗುವ."

"ಆಗುವ!" ಎಂದುಬಿಟ್ಟ ಧರ್ಮಪಾಲ. ಅವನ ನಾಲಗೆ ಯಾವಾಗಲೂ ಅವನಿಗಿಂತ ಎರಡು ಹೆಜ್ಜೆ ಮುಂದೆ.

ಕಾಪುವಿನ ಕಡಲ ಬದಿಯಲ್ಲಿ ಸುದ್ದಿಗೆ ದೋಣಿ ಬೇಡ. ಗಂಜಿ ಆರುವ ಮೊದಲೇ ನೆರೆಮನೆಯ ಬಡಗಿ ಪೀಟರ್ ಅಳತೆಕೋಲು ಹಿಡಿದು ಬಂದ. ಹಿಂದೆಯೇ ಅವನ ಹೆಂಡತಿ ಪ್ಯಾಟ್ರಿಶಿಯಾ.

"ಬೇರೆ ಆಗುವುದಾದರೆ ಮನೆ ಪಾಲಾಗಬೇಕಲ್ವಾ?" ಎಂದು ಪೀಟರ್ ಬಲೆಯ ಹಗ್ಗವೊಂದನ್ನು ಚಾವಡಿಯಿಂದ ಬಚ್ಚಲಿನವರೆಗೆ ಬಿಗಿದ. ಅಡುಗೆಮನೆ, ಬಾವಿ ಮೋಹಿನಿಯ ಕಡೆಗೆ ಬಿದ್ದವು. ಧರ್ಮಪಾಲನಿಗೆ ಚಾವಡಿ, ಸೋರುವ ಒಂದು ಕೋಣೆ. ಬಚ್ಚಲ ಹಂಡೆ ಮಾತ್ರ ನಡುವೆ ನಿಂತಿತು.

"ಒಲೆಯ ಬಾಯಿ ಅವಳದ್ದು, ಹಂಡೆಯ ಬಾಯಿ ನಿಮ್ಮದು. ಬೆಂಕಿ ಅವಳು ಹಾಕಿದರೆ ಸ್ನಾನ ನೀವು ಮಾಡಬಹುದು."

"ಅವಳು ಯಾಕೆ ಹಾಕ್ತಾಳೆ ಮಾರಾಯ್ರೆ?" ಎಂದಳು ಪ್ಯಾಟ್ರಿಶಿಯಾ.

ಮಧ್ಯಾಹ್ನ ಹಗ್ಗದ ಆಚೆ ಬಂಗುಡೆ ಸಾರು ಕುದಿಯಿತು. ಸಾರಿನ ಪರಿಮಳಕ್ಕೆ ಹಗ್ಗ ಕಾಣಲಿಲ್ಲ. ನೇರ ಧರ್ಮಪಾಲನ ಪಾಲಿಗೇ ಬಂದು ಕೂತಿತು. ಅವನು ಮೀನು ಬಾರದ ದಿನ ಕಡಲ ಕರೆಯಲ್ಲಿ ಕೂತ ಬೆಕ್ಕಿನ ಹಾಗಿದ್ದ. ಹಸಿದ ಹೊಟ್ಟೆಗೆ ಥಟ್ಟನೆ ಒಂದು ಉಪಾಯ ಹೊಳೆಯಿತು. ಇದು ಅಳಿಯಕಟ್ಟಿನ ಮನೆ, ತಾಯಿಯಿಂದ ಮಗಳಿಗೆ ಬಂದದ್ದು. ಹೆಂಡತಿಗೆ ಇದರಲ್ಲಿ ಎಂತ ಉಂಟು? ಅಕ್ಕ ಬಂದು ಒಂದು ಮಾತು ಹೇಳಿದರೆ ಮೋಹಿನಿ ಹೊರಗೆ, ಮನೆಯಿಡೀ ತನಗೆ!

ಬಸ್ಸಿನ ಕಂಡಕ್ಟರ್ ಶೇಖರನಲ್ಲಿ ಮಟ್ಟು ಊರಿನಲ್ಲಿರುವ ಅಕ್ಕನಿಗೆ ಹೇಳಿ ಕಳುಹಿಸಿದ. ಸಾಕ್ಷಿಗೆಂದು ಗುರಿಕಾರ ಚೆನ್ನಪ್ಪನವರನ್ನೂ ಕರೆದ. ಊರಿನ ಜಗಳ ತೀರಿಸುವ ಹಿರಿಯರು ಅವರು.

ನಾಲ್ಕು ಗಂಟೆಗೆ ಅಕ್ಕ ಸುಂದರಿ ಬಂದಳು. ಹಗ್ಗ ನೋಡಿದಳು.

"ನನ್ನ ಮನೆಗೆ ಹಗ್ಗ ಹಾಕಿದ್ದು ಯಾರು?"

ನೋಡಲು ಮತ್ತೆ ಬಂದಿದ್ದ ಪೀಟರ್ ಅಳತೆಕೋಲನ್ನು ಬೆನ್ನ ಹಿಂದೆ ಅಡಗಿಸಿದ.

"ನೋಡಿದಿರಾ ಗುರಿಕಾರರೇ? ಮನೆ ಅಕ್ಕನದ್ದು!" ಧರ್ಮಪಾಲ ಹಿಗ್ಗಿದ.

"ಹೌದು, ನನ್ನದು. ತಮ್ಮಾ, ಅಮ್ಮ ಮೂರು ವರ್ಷ ಮಲಗಿದಲ್ಲೇ ಇದ್ದರು. ನಾನು ಬಂದು ಅತ್ತು ಹೋಗುತ್ತಿದ್ದೆ. ಮೀಯಿಸಿದ್ದು, ಉಣಿಸಿದ್ದು, ಬಟ್ಟೆ ಒಗೆದದ್ದು ಮೋಹಿನಿ. ನನಗೆ ಹೆಣ್ಣುಮಕ್ಕಳಿಲ್ಲ. ಇವತ್ತಿನಿಂದ ಈ ಮನೆ ಅವಳದ್ದು. ಋಣ ತೀರಲಿಕ್ಕೆ ಅಲ್ಲ, ಅದು ತೀರುವಂಥದ್ದಲ್ಲ."

ಮೋಹಿನಿ ಸೆರಗಿನಿಂದ ಕಣ್ಣೊರೆಸಿದಳು. ಧರ್ಮಪಾಲನಿಗೂ ನೆನಪಾಯಿತು. ಕೊನೆಯ ದಿನವೂ ಅಮ್ಮ ಕೂಗಿದ್ದು ಮಗನನ್ನಲ್ಲ, "ಮೋಹಿನೀ" ಎಂದು. ಅದಕ್ಕಾಗಿ ಅವನು ಹೆಂಡತಿಗೆ ಇದುವರೆಗೆ ಒಂದು ಒಳ್ಳೆಯ ಮಾತು ಹೇಳಿರಲಿಲ್ಲ.

"ಹಾಗಾದರೆ ನಾನು ನಿನ್ನಲ್ಲಿಗೆ ಬರಲಾ ಅಕ್ಕ?"

"ಅದು ನಿನ್ನ ಬಾವನ ಅಕ್ಕನ ಮನೆ ಮಾರಾಯ. ಅಲ್ಲಿ ಬಾವನೇ ಅಪ್ಪಣೆ ಕೇಳಿ ಕೆಮ್ಮುವುದು."

"ಇರಲಿ ಪಾಪ, ಬೇರೆ ಆದರೂ ಚಾವಡಿಯಲ್ಲಿ ಮಲಗಲಿ," ಎಂದಳು ಮೋಹಿನಿ.

ಗುರಿಕಾರರು ಕೈಯೆತ್ತಿದರು. "ನಿಲ್ಲು ಮಗಳೇ. ಬೇರೆ ಆದವ ನಿನ್ನ ಜಾಗದಲ್ಲಿ ಇದ್ದರೆ ಒಕ್ಕಲು ಅಂತ ಆಗ್ತದೆ. ಈಗ ಭೂಸುಧಾರಣೆಯ ಕಾನೂನು ಬಂದು ಒಕ್ಕಲಿದ್ದವರೆಲ್ಲ ಡಿಕ್ಲರೇಶನ್ ಅರ್ಜಿ ಹಾಕಿ ಜಾಗ ತಮ್ಮದು ಮಾಡಿಕೊಳ್ತಾ ಇದ್ದಾರೆ. ಪೆರ್ಡೂರಿನ ಕಡೆ ಜಾಗದ ಧನಿಗಳು ತಲೆಗೆ ಕೈಕೊಟ್ಟು ಕೂತಿದ್ದಾರೆ. ನಾಳೆ ಇವನೂ ಹಾಕಿದರೆ?"

"ಅಯ್ಯೋ! ಹಾಗಾದರೆ ಎಂತ ಮಾಡುವುದು?"

"ಒಂದೇ ದಾರಿ. ಗಂಡನಾಗಿಯೇ ಇಟ್ಟುಕೋ. ಗಂಡನಿಗೆ ಮಾತ್ರ ಯಾವ ಕಾನೂನಿನಲ್ಲೂ ಒಂದು ಹಕ್ಕೂ ಇಲ್ಲ."

ಮೋಹಿನಿ ಗಂಡನನ್ನು ಅಡಿಯಿಂದ ಮುಡಿಯವರೆಗೆ, ಹಳೆಯ ಬಲೆ ನೋಡುವವರ ಹಾಗೆ ನೋಡಿದಳು. "ಆಯ್ತು, ಇರಲಿ" ಎಂದಳು.

ಬೆಳಿಗ್ಗೆ ಬೇರೆಯಾಗಲು ಹೊರಟಿದ್ದ ಧರ್ಮಪಾಲ, ಗಂಡನಾಗಿ ಇರಲು ಅಪ್ಪಣೆ ಸಿಕ್ಕಿತಲ್ಲ ಎಂದು ಎಲ್ಲರ ಎದುರು ಹೆಂಡತಿಗೆ ಕೈಮುಗಿದ. ಮನಸ್ಸಿಟ್ಟೇ ಮುಗಿದ.

"ಸಾಕು. ಅದೇ ಕೈಯಲ್ಲಿ ನಾಲ್ಕು ತೆಂಗಿನಕಾಯಿ ಸುಲಿದು ಕೊಡಿ," ಎಂದಳು ಮೋಹಿನಿ. "ಅತ್ತಿಗೆ ಬಂದಿದ್ದಾರೆ."