ಏನೂ ಕೇಳದ ಮೇಡಂ

ಕಾಲೇಜಿನ ಗೇಟಿನ ಮುಂದ ಚಾದ ಅಂಗಡಿ ಇಟ್ಟವರಿಗೆ ಟೀವಿ ಬೇಕಾಗಂಗಿಲ್ಲ. ದಿನಾ ಒಳಗೊಂದು ನಡೀತೈತಿ, ಹೊರಗೊಂದು ನಡೀತೈತಿ, ಎರಡೂ ಬಂದು ನನ್ನ ಒಲಿ ಮುಂದ ಕೂಡ್ತಾವ. ಯಾವ ಹುಡುಗಿ ಯಾಕ ಅತ್ಲು, ಫೇಲಾದ ಹುಡುಗ ಮನ್ಯಾಗ ಏನಂತ ಸುಳ್ಳು ಹೇಳ್ಯಾನ, ಎಲ್ಲಾ ಮೊದಲು ನನಗ. ಕಾಗವಾಡದಾಗ ಹುಡುಗರು ಆಯಿ ಅಂದ್ರ ನಾನ. ಈ ಹೊಸ ಮೇಡಂ ಬರೂತನಾ ಹಂಗಿತ್ತು.

೧. ಬಾಗಲ ಸಾಲು

ಮೇಡಂ ಧಾರವಾಡದ ಕಡಿಯಾಕಿ. ಕಡ್ಡಿಯಂಗ ಅದಾಳ, ಕಾಟನ್ ಸೀರಿ, ದನಿ ಕೇಳಬೇಕಂದ್ರ ಕಿವಿ ಒಯ್ದು ಬಾಯಿಗೆ ಹಚ್ಚಬೇಕು. ಬಂದ ದಿನಾನ ವರ್ಗದಾಗ ಹೇಳಿದ್ಲಂತ: ಯಾರಿಗೆ ಕೂಡಾಕ ತ್ರಾಸ ಆಗ್ತೈತೋ ಅವರು ಬಾಗಲ ಹತ್ರ ಕೂಡ್ರಿ, ಬೇಕಾದಾಗ ಎದ್ದು ಹೋಗ್ರಿ, ನೀರು ಕುಡದು ಬರ್ರಿ, ಯಾಕಂತ ನಾ ಕೇಳಂಗಿಲ್ಲ.

ಮರುದಿನ ಬಾಗಲ ಸಾಲಿಗೆ ಬಸ್ಸಿನ ಸೀಟಿನಂಗ ಜಗಳ. ಅರ್ಧ ವರ್ಗ ನನ್ನ ಅಂಗಡ್ಯಾಗ. ವ್ಯಾಪಾರ ಛಲೋ ಆತು, ಸುಳ್ಳ್ಯಾಕ ಹೇಳಲಿ. ಒಬ್ಬ ಹುಡುಗಿನ್ನ ನಾ ರೂಢಿ ಪ್ರಕಾರ ಕೇಳಿದೆ, ಯಾಕಬೇ, ಮನ್ಯಾಗ ಏನರ ಆತೇನು ಅಂತ. ಆಕಿ ಚಾ ಊದಿಕೊಂತ ಅಂತಾಳ:

"ಏನಿಲ್ಲ ಆಯಿ. ನಮ್ಮ ಮೇಡಂ ಭಾಳ ಛಲೋ ಅದಾರ. ಏನೂ ಕೇಳಂಗಿಲ್ಲ."

ಕೇಳದೇ ಇರೂದೂ ಒಂದು ಗುಣ ಅಂತ. ಹಂಗಾದ್ರ ಗೇಟಿನ ಕಂಬಕ್ಕೂ ಒಂದು ಪಗಾರ ಕೊಡ್ರಿ.

೨. ಯಾರ ಪೈಕಿ

ನಮ್ಮ ಕಡೆ ಹೊಸ ಮುಖ ಕಂಡ್ರ ಮೂರು ಮಾತು ಕೇಳ್ತೀವಿ. ಊರು ಯಾವುದು, ಅಡ್ಡಹೆಸರು ಏನು, ಯಾರ ಪೈಕಿ. ಇಷ್ಟು ಸಿಕ್ರ ಸಾಕು, ನಾ ಅವರಜ್ಜನ ಬದುವಿನ ಜಗಳದ ತನಕ ಹೋಗಿ ಬರ್ತೀನಿ. ಅಡ್ಡಹೆಸರು ಅಂದ್ರ ಬರೇ ಹೆಸರಲ್ಲ, ಯಾವ ಓಣಿ, ಯಾರ ಜೋಡಿ ಕೂಡಾಂವ, ಯಾರ ಮನಿ ನೀರು ಕುಡಿಯಾಂವ, ಎಲ್ಲಾ ಅದರಾಗ ಬಂತು.

ಮೇಡಂ ಹಾಜರಿ ಕೂಗೂವಾಗ ಅಡ್ಡಹೆಸರ ಬಿಟ್ಲು. ಬರೇ ಸಂದೀಪ, ಬರೇ ಸುಜಾತಾ. ಮ್ಯಾಲೆ ವಾರಕ್ಕೊಮ್ಮೆ ಕೂಡೂ ಜಾಗಾನೂ ಬದ್ಲಿ. ಅಡತಿ ಅಂಗಡಿಯವರ ಮಗಳ ಬಾಜೂಕ ಕಬ್ಬ ಕಡಿಯಾವ್ರ ಮಗಳು. ಕನ್ನಡ ಬಾಯಿಗೆ ಬರದಿದ್ರ ಮರಾಠಿಯೊಳಗ ಹೇಳ್ರಿ ಅಂತ ಬ್ಯಾರೆ. ಹಿಂದೆಲ್ಲಾ ನನ್ನ ಅಂಗಡ್ಯಾಗ ಹುಡುಗರು ನಿಂತ ಜಾಗಾ ನೋಡೇ ನಾ ಯಾರ್ಯಾರಂತ ಹೇಳ್ತಿದ್ದೆ. ಈಗ ಎಲ್ಲಾರೂ ಕಲಸಿ ನಿಂತ್ರ ನಾ ಏನು ಓದ್ಲಿ?

ಒಂದು ದಿನ ಹೊಸ ಹುಡುಗ ಬಂದ. ಊರು ಕೇಳಿದೆ, ಶಿರಗುಪ್ಪಿ ಅಂದ. ಅಡ್ಡಹೆಸರು ಕೇಳಿದೆ, ನಕ್ಕ. ಹೋಗಲಿ, ಯಾರ ಪೈಕಿಯಪ್ಪಾ ನೀ ಅಂದೆ.

"ಮೇಡಂ ಪೈಕಿ, ಆಯಿ."

ಸುತ್ತಮುತ್ತೆಲ್ಲಾ ಸಕ್ಕರಿ ಕಾರ್ಖಾನಿ ಅದಾವ. ಅವತ್ತು ಅವನ ಚಾಕ್ಕ ಮಾತ್ರ ಸಕ್ಕರಿ ಸಿಗಲಿಲ್ಲ.

೩. ಸರ್ ಮೆತ್ತಗಾದದ್ದು

ಪ್ರಿನ್ಸಿಪಾಲರು ಮೇಡಂ ವರ್ಗ ನೋಡಿ ಖುಷಿಯಾಗಿ, ಎಲ್ಲಾರೂ ಮೇಡಂನಂಗ ಕಲಿಸ್ರಿ ಅಂತ ಹುಕುಂ ಮಾಡಿದ್ರು. ಇತಿಹಾಸದ ಸರ್‌ಗೆ ಕುತ್ತಿಗಿಗೆ ಬಂತು. ಅವರು ಟೇಬಲ್ಲಿಗೆ ಡಸ್ಟರ್ ಬಡದ್ರ ಬಸ್‌ಸ್ಟ್ಯಾಂಡಿನ ನಾಯಿ ಎದ್ದು ನಿಲ್ತಿತ್ತು. ಅಂಥವರು ಅವತ್ತು ಸಾವಕಾಶ ಒಳಗ ಹೋಗಿ, ಡಸ್ಟರ್ ಕಿಸೇದಾಗ ಇಟ್ಕೊಂಡು, ಮಕ್ಕಳ, ಯಾರಿಗರ ಮನಸ್ಸಿಗೆ ತ್ರಾಸ ಐತೇನು ಅಂತ ಕೇಳ್ಯಾರ.

ಹುಡುಗರು ಗಾಬರಿಯಾಗಿ ನನ್ನ ಕಡೆ ಓಡಿ ಬಂದ್ರು. ಆಯಿ, ಸರ್‌ಗೆ ಏನೋ ಆಗೇತಿ, ಬೈಯಾಕ ಒಲ್ರು. ಇಷ್ಟು ಮಂದಿ ಬಂದು ಕೇಳಿದಾಗ ಗೊತ್ತಿಲ್ಲ ಅನ್ನೂದು ಮರ್ಯಾದಿ ಅಲ್ಲ. ಹೆಂಡ್ತಿ ತವರಿಗೆ ಹೋಗಿರಬೇಕು ಅಂದೆ. ಇರಬೇಕು ಅಂದೆ, ಹೋಗ್ಯಾಳ ಅನ್ನಲಿಲ್ಲ. ಆ ಮಾತು ಬಜಾರ ಮುಟ್ಟೂದ್ರಾಗ ಆಕಿ ಟ್ರಂಕ್ ತಗೊಂಡು ರಾಯಬಾಗ ರೈಲು ಹತ್ತಿದ್ಲು.

ಹೊತ್ತು ಇಳಿಯೂದ್ರಾಗ ಹೆಂಡ್ತಿ ಕಾಯಿಪಲ್ಲೆ ಚೀಲ ಹಿಡಕೊಂಡು ಗೇಟಿಗೆ ಬಂದು, ನಾ ಎಲ್ಲಿಗೆ ಹೋಗೀನಿ ತೋರಸ್ರಿ ಅಂತ ನಿಂತ್ಲು. ಸರ್ ವಿಷಯ ತಿಳದು ಹೊರಗ ಬಂದು ನನಗ ಏನು ಬೈದ್ರೋ, ಬಸ್‌ಸ್ಟ್ಯಾಂಡಿನ ನಾಯಿ ಎದ್ದು ನಿಂತಿತು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿ ಉಸಿರು ಬಿಟ್ರು. ಸರ್ ಆರಾಮಾದ್ರು.

೪. ಹೊರಗ ಒಯ್ಯಬಾರದ ಮಾತು

ಉಗಾರ ಬುದ್ರುಕದಿಂದ ಒಂದು ಹುಡುಗಿ ಬರ್ತಿತ್ತು. ಹೊಳಿ ಊರಾಗ ಹೊಕ್ಕ ವರ್ಷ ಇವರ ಮನಿ ಹೋಗಿತ್ತು. ವರ್ಗದ ತಗಡಿನ ಪತ್ರಾಸಿನ ಮ್ಯಾಲೆ ಮಳಿ ಬಡದ್ರ ಹುಡುಗಿ ಮುಖ ಬಿಳಿಚಿ, ವರ್ಗ ಬಿಟ್ಟು ಬಂದು ನನ್ನ ಒಲಿ ಮುಂದ ಕೂಡೂದು. ಬೆಲ್ಲ ಕೊಟ್ಟು ಕೇಳಿದೆ, ಬೈದು ಕೇಳಿದೆ, ಕನ್ನಡದಾಗ ಕೇಳಿದೆ, ಮರಾಠಿಯೊಳಗ ಕೇಳಿದೆ. ಬಾಯಿ ಬಿಡಲಿಲ್ಲ. ಇವತ್ತಲ್ಲ ನಾಳೆ ನನ್ನ ಮುಂದ ಹೇಳ್ತಾಳ ಅಂತ ಕಾಯ್ಕೊಂತ ಕುಂತಿದ್ದೆ.

ಒಂದು ಮಳಿ ದಿನ ಹುಡುಗಿ ಎದ್ದು ಹೊರಗ ಬಂತು. ನಾ ಕೂಡೂ ಮಣಿ ಸರಿಸಿ ಇಟ್ಟೆ. ಅದು ನನ್ನ ಕಡೆ ಬರಲಿಲ್ಲ, ಕಾಲೇಜಿನ ಕಟ್ಟಿ ಮ್ಯಾಲೆ ನಿಂತಿತು. ಮೇಡಂ ಬಂದು ಬಾಜೂಕ ನಿಂತ್ಲು. ಒಂದು ಮಾತಿಲ್ಲ, ಸುಮ್ಮನ. ಆಮ್ಯಾಲೆ ಇಬ್ಬರೂ ಒಳಗ ಹೋದ್ರು. ನನ್ನ ಒಲಿಗಿಂತ ನನ್ನ ಹೊಟ್ಟಿ ಜೋರ ಉರೀತು. ಕೆಟಲ್ ಹಿಡಕೊಂಡು ನಾನೂ ಒಳಗ ಹೋದೆ.

ಬರ್ರಿ ಆಯಿ, ಕೂಡ್ರಿ ಅಂದ್ಲು ಮೇಡಂ. ಎಲ್ಲಾರೂ ದುಂಡಗ ಕುಂತಿದ್ರು. ಅಲ್ಲಿ ಕಾಯ್ದೆ ಏನಂದ್ರ, ಬೇಕಾದವರು ಮಾತಾಡಬೇಕು, ಬ್ಯಾಡಾದವರು ಸುಮ್ಮನಿರಬೇಕು, ಯಾರೂ ಯಾರನ್ನೂ ಕೇಳಬಾರದು, ಇಲ್ಲಿ ಆಡಿದ ಮಾತು ಹೊರಗ ಒಯ್ಯಬಾರದು.

ಮಳಿ ಸುರೀತಿತ್ತು. ಯಾರೂ ಏನೂ ಕೇಳ್ತಿದ್ದಿಲ್ಲ. ಅಂಥಾ ಜಾಗಾದಾಗ ನಾ ಹುಟ್ಟಿದಾಗಿಂದ ಕುಂತಿದ್ದಿಲ್ಲ. ತಡಕೊಳ್ಳಾಕ ಆಗಲಿಲ್ಲ, ಬಾಯಿ ತಾನ ತೆರೀತು. ನನ್ನ ಗಂಡ ಸತ್ತಿಲ್ಲ ಅಂದೆ. ನಿಪ್ಪಾಣಿ ತಂಬಾಕದ ವಖಾರಿಗೆ ದುಡಿಯಾಕ ಹೋಗಿ ಅಲ್ಲೇ ಇನ್ನೊಂದು ಸಂಸಾರ ಹೂಡ್ಯಾನ, ನಾನ ಊರಿಗೆಲ್ಲಾ ಸತ್ತಾನಂತ ಹೇಳೇನಿ ಅಂದೆ. ಒಬ್ಬರೂ "ಆಮ್ಯಾಲೆ?" ಅನ್ನಲಿಲ್ಲ.

ಉಗಾರದ ಹುಡುಗಿ ಎದ್ದು ಬಂದು ನನ್ನ ಮಗ್ಗಲದಾಗ ಕುಂತು, ನನ್ನ ಸೆರಗಿನ ಚುಂಗ ಹಿಡಕೊಂಡು ತನ್ನ ಮಾತು ಹೇಳ್ತು. ಏನು ಹೇಳ್ತು ಅಂತ ನನ್ನ ಕೇಳಬ್ಯಾಡ್ರಿ. ಅದು ಆಕಿದು.

ನಂದು ಮಾತ್ರ ನಾಳೆ ಬಜಾರದ ತುಂಬ ಆಗತೈತಿ ಅಂತ ಎದಿ ಗಟ್ಟಿ ಮಾಡ್ಕೊಂಡು ಕುಂತೆ. ಮರುದಿನ ಸುದ್ದಿ ಇಲ್ಲ. ವಾರಾತು, ಸುದ್ದಿ ಇಲ್ಲ. ವರ್ಗದ ತುಂಬ ಹುಡುಗರು, ಇಂಥಾ ಹಣ್ಣಾದ ಸುದ್ದಿ, ಒಬ್ಬನೂ ಹೊರಗ ಒಯ್ಯಲಿಲ್ಲ. ನನ್ನ ಸುದ್ದಿಗೆ ಇಷ್ಟೂ ಕಿಮ್ಮತ್ತಿಲ್ಲೇನು ಅಂತ ಅವಮಾನ ಆತು. ಕಡೀಕ ಬಳಿಗಾರ್ತಿ ಹತ್ರ ನಾನ ಹೋಗಿ, ಬಾಗಲ ಹಾಕಿ, ಎಲ್ಲಾ ಹೇಳಿದೆ. ಊರ ಸುದ್ದಿಯೊಳಗ ನನ್ನ ಬಿಟ್ರ ಆಕೀನ.

ಆಕಿ ಬಳಿ ಜೋಡಸೂದು ನಿಲ್ಲಸಲಿಲ್ಲ.

"ಗೊತ್ತೈತಿ ಬಿಡ ಆಯಿ. ಊರಿಗೆಲ್ಲಾ ಮೊದಲಿಂದ ಗೊತ್ತೈತಿ. ನಿನಗ ತ್ರಾಸ ಆಗಬಾರದಂತ ಯಾರೂ ಆ ಮಾತು ಎತ್ತಿಲ್ಲ."

ನಾ ಅಲ್ಲೇ ಕುಂತೆ. ಮೇಡಂ ದೊಡ್ಡ ಕಾಲೇಜಿನಾಗ ಕಲತು ತಂದ ಈ ಕೇಳದಿರೂ ವಿದ್ಯೆ ಆಕಿ ಬರೂಕಿಂತ ಮೊದಲ ನಮ್ಮೂರಾಗಿತ್ತು. ನನಗೊಬ್ಬಾಕಿಗೆ ಯಾರೂ ಹೇಳಿದ್ದಿಲ್ಲ.