ಬ್ರಿಸೋನಿಯಾದ ರಾಜಧಾನಿ

ಪರೀಕ್ಷೆಯ ಹಿಂದಿನ ಸಂಜೆ ಕರೆಂಟು ಹೋಗದೇ ಇದ್ದಿದ್ದರೆ ಭೂಪಟದಲ್ಲಿಲ್ಲದ ಒಂದು ದೇಶ ಹುಟ್ಟುತ್ತಲೇ ಇರಲಿಲ್ಲ.

ನಾಗರಿಕ ಸೇವಾ ಪರೀಕ್ಷೆಗೆ ತಯಾರು ಮಾಡುವ ಆ ತರಬೇತಿ ಸಂಸ್ಥೆಯಲ್ಲಿ ಅಂತರರಾಷ್ಟ್ರೀಯ ಸಂಬಂಧಗಳ ಪಾಠ ಹೇಳುತ್ತಿದ್ದವರನ್ನು ಎಲ್ಲರೂ ವಿದೇಶಾಂಗ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಹೆಸರಿಗೆ ವಿದೇಶಾಂಗ, ಪಕ್ಕದ ಮನೆಯ ಗೇಟು ತೆಗೆಯಬೇಕಾದರೂ ಎರಡು ಸಲ ಕೆಮ್ಮಿ ಅನುಮತಿ ಕೇಳುವ ಜೀವ. ಅಂದು ಸಂಜೆ ಸಿಬ್ಬಂದಿ ಕೋಣೆಯಲ್ಲಿ ಕೂತು ಮಾದರಿ ಪರೀಕ್ಷೆಯ ಪ್ರಶ್ನೆಪತ್ರಿಕೆ ಮುಗಿಸುತ್ತಿದ್ದರು. ಉಳಿದಿದ್ದು ಒಂದೇ ಪ್ರಶ್ನೆ. ನದಿ ನೀರಿಗಾಗಿ ಕಚ್ಚಾಡುತ್ತಿದ್ದ ಎರಡು ದೇಶಗಳನ್ನು ಮೊದಲ ಬಾರಿಗೆ ಒಂದೇ ಮೇಜಿಗೆ ಕೂರಿಸಿದ ಮೂರನೆಯ ದೇಶ ಯಾವುದು? ಅ, ಆ, ಇ ಮೂರಕ್ಕೂ ದೇಶಗಳು ಸಿಕ್ಕಿದ್ದವು. ಸರಿಯುತ್ತರ ‘ಆ’. ‘ಈ’ ಮಾತ್ರ ಖಾಲಿ. ಲೋಕದಲ್ಲಿ ಅಷ್ಟೊಂದು ದೇಶಗಳಿದ್ದರೂ ಬೇಕಾದಾಗ ಒಂದೂ ನೆನಪಿಗೆ ಬರಲಿಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು. ತಲೆಯ ಮೇಲಿನ ಫ್ಯಾನು ನರಳುತ್ತಾ ನಿಂತಿತು. ಅದರ ನಡುವಿನ ಬಟ್ಟಲಿನ ಮೇಲೆ ಕಂಪನಿಯ ಹೆಸರು ಕಂಡಿತು: ಬ್ರಿಸೋನಿಯಾ. ಆಮೇಲೆ ಬದಲಾಯಿಸಿದರಾಯಿತು ಎಂದುಕೊಂಡು ಮೇಷ್ಟರು ಅದನ್ನೇ ಗೀಚಿದರು. ಬಾಗಿಲಲ್ಲಿ ಅಚ್ಚಿನವನು ಬಂದು ನಿಂತು “ಆಯ್ತಾ ಸಾರ್, ಆಯ್ತಾ ಸಾರ್” ಎಂದು ಪ್ರಾಣ ತಿಂದ. ಆ ಮಬ್ಬುಗತ್ತಲಲ್ಲಿ, ಆ ಅವಸರದಲ್ಲಿ, ಉತ್ತರದ ಹಾಳೆಯಲ್ಲಿ ‘ಆ’ ಬರೆಯುವ ಕೈ ‘ಈ’ ಬರೆಯಿತು. ಬದಲಾಯಿಸುವ ವಿಷಯ ಮರೆತೇಹೋಯಿತು.

ನೆನಪಾದದ್ದು ಮರುದಿನ ಪರೀಕ್ಷೆ ನಡೆಯುವ ಸಭಾಂಗಣದಲ್ಲಿ, ಪ್ರಶ್ನೆಪತ್ರಿಕೆ ಹಂಚಿಯಾದ ಮೇಲೆ.

ಹಿಂದಿನ ವಿದೇಶಾಂಗ ಮೇಷ್ಟರು ಕೆಲಸ ಕಳೆದುಕೊಂಡು ಮನೆಗೆ ಹೋಗಿದ್ದೇ ಪತ್ರಿಕೆಯಲ್ಲಿದ್ದ ಒಂದು ತಪ್ಪು ರಾಜಧಾನಿಯ ದೆಸೆಯಿಂದ. ಇವರಿಗೆ ನಿರ್ದೇಶಕರು ಮೊದಲೇ ಹೇಳಿದ್ದರು: “ನೋಡಿ, ಈ ಪತ್ರಿಕೆ ಮೇಲೆ ಒಂದೇ ಒಂದು ಆಕ್ಷೇಪಣೆ ಬರದೇ ಇದ್ರೆ ನೀವು ಖಾಯಂ. ಬಂತೋ, ನಿಮ್ಮ ದಾರಿ ನಿಮಗೆ.”

ಅವರು ಕಾರಿಡಾರಿಗೆ ಓಡಿ ಹೆಂಡತಿಗೆ ಫೋನು ಮಾಡಿದರು.

“ಏನ್ರೀ, ಖಾಯಂ ಆಯ್ತಾ?”

“ಇಲ್ವೇ. ಪೇಪರಿನಲ್ಲಿ ಒಂದು ದೇಶ ಜಾಸ್ತಿ ಆಗ್ಬಿಟ್ಟಿದೆ.”

“ಜಾಸ್ತಿ ಆದ್ರೆ ಒಳ್ಳೇದಲ್ವಾ? ಕಮ್ಮಿ ಆದ್ರೆ ತಾನೇ ಬೈಯೋದು?”

“ಅಯ್ಯೋ, ಅಂಥ ದೇಶಾನೇ ಇಲ್ಲ ಕಣೆ!”

“ರೀ, ನನ್ನ ತಂಗಿ ಗಂಡ ಖಾಯಂ ಆಗಿ ಎಷ್ಟು ಕಾಲ ಆಯ್ತು ಗೊತ್ತಾ? ಸಂಜೆ ಅವಳು ಬರ್ತಿದಾಳೆ, ನಾನು ಆಗ್ಲೇ ಹೇಳಿಬಿಟ್ಟಿದೀನಿ. ಇರೋ ದೇಶವೋ ಇಲ್ಲದ ದೇಶವೋ, ಬಾಯಿ ಮುಚ್ಕೊಂಡು ಬನ್ನಿ.”

ಷಡ್ಡಕನ ಮುಖ ಕಣ್ಣೆದುರಿಗೆ ಬಂತು. ಮೇಷ್ಟರು ಬಾಯಿ ಮುಚ್ಚಿಕೊಂಡು ಒಳಗೆ ಹೋದರು.

ಪರೀಕ್ಷೆ ಮುಗಿದ ಮೇಲೆ ಉತ್ತರಗಳ ಚರ್ಚೆ. ಅದೇ ಸಭಾಂಗಣ, ತಲೆಯ ಮೇಲೆ ಸಾಲಾಗಿ ತಿರುಗುವ ಅದೇ ಕಂಪನಿಯ ಫ್ಯಾನುಗಳು. ಗೋಡೆಯ ಮೇಲೆ ದಪ್ಪಕ್ಷರದಲ್ಲಿ ನಿರ್ದೇಶಕರ ಎರಡು ಸೂತ್ರ: ‘ಗೊತ್ತಿಲ್ಲ ಎಂಬ ಮಾತು ಈ ಕಟ್ಟಡದಲ್ಲಿಲ್ಲ’, ‘ಕೇಳಿರದ ಹೆಸರೇ ಸರಿಯುತ್ತರ’. ವೇದಿಕೆಯ ಮೇಲೆ ನಿರ್ದೇಶಕರು, ಅವರ ಎಡಕ್ಕೆ ಇತಿಹಾಸದ ಮೇಡಂ, ಬಲಕ್ಕೆ ಅರ್ಥಶಾಸ್ತ್ರದ ಮೇಷ್ಟರು. ವಿದೇಶಾಂಗ ಮೇಷ್ಟರು ತುದಿಯ ಕುರ್ಚಿಯಲ್ಲಿ, ಹಲ್ಲು ಕೀಳಿಸಿಕೊಳ್ಳಲು ಬಂದವರಂತೆ.

ಆ ಪ್ರಶ್ನೆ ಬಂತು. ನಿರ್ದೇಶಕರು ಉತ್ತರದ ಹಾಳೆ ನೋಡಿ, “ಸರಿಯುತ್ತರ ‘ಈ’, ಬ್ರಿಸೋನಿಯಾ. ಯಾರ್ಯಾರದು ಸರಿ?” ಎಂದರು.

ಗದ್ದೆಯಲ್ಲಿ ಪೈರು ಎದ್ದಂತೆ ಇಡೀ ಸಭಾಂಗಣದ ಕೈಗಳೆದ್ದವು.

ಮೇಷ್ಟರು ಉಸಿರು ಬಿಡುವಷ್ಟರಲ್ಲಿ ನಡುವಿನ ಸಾಲಿನಿಂದ, ಎಲ್ಲರೂ ‘ತಕರಾರು’ ಎಂದೇ ಕರೆಯುತ್ತಿದ್ದ ವಿದ್ಯಾರ್ಥಿ ಎದ್ದು ನಿಂತ. ನಾಗರಿಕ ಸೇವಾ ಪರೀಕ್ಷೆಯನ್ನು ಮತ್ತೆ ಮತ್ತೆ ಬರೆದು ಪಾಸಾಗುವುದೊಂದು ಬಿಟ್ಟು ಮಿಕ್ಕೆಲ್ಲ ಕಲಿತಿದ್ದ ಆಸಾಮಿ. ಪ್ರತಿ ಪತ್ರಿಕೆಯಲ್ಲೂ ಒಂದು ತಪ್ಪು ಹುಡುಕದೆ ಮನೆಗೆ ಹೋದವನಲ್ಲ.

“ಸರ್, ನನ್ನದೊಂದು ಆಕ್ಷೇಪಣೆ.”

ಮೇಷ್ಟರು ಕಣ್ಣು ಮುಚ್ಚಿಕೊಂಡರು.

“ಬ್ರಿಸೋನಿಯಾ ಅವರನ್ನ ಮೇಜಿಗೆ ಕೂರಿಸಿದ್ದು ನಿಜ. ಆದ್ರೆ ಮೊದಲನೇ ಸಲ ಅಲ್ಲ, ಎರಡನೇ ಸಲ. ಮೊದಲನೇ ಸಲ ಅವರ ವಿದೇಶಾಂಗ ಮಂತ್ರಿಗೆ ಹುಷಾರಿರ್ಲಿಲ್ಲ.”

ಮೇಷ್ಟರು ಕಣ್ಣು ಬಿಟ್ಟರು.

“ಮಂತ್ರಿಗಲ್ಲಪ್ಪಾ, ಮಂತ್ರಿಯ ಹೆಂಡ್ತಿಗೆ,” ಎಂದು ಇತಿಹಾಸದ ಮೇಡಂ ಕನ್ನಡಕ ಸರಿಮಾಡಿಕೊಂಡರು. “ಸಭೆ ಒಂದು ವಾರ ಮುಂದೆ ಹೋಯ್ತು ಅಷ್ಟೇ. ಲೆಕ್ಕಕ್ಕೆ ಅದೇ ಮೊದಲನೇದು.”

“ಹೌದೌದು, ಹೆಂಡ್ತಿಗೆ,” ಎಂದು ತಕರಾರು ತಟ್ಟನೆ ಒಪ್ಪಿಕೊಂಡ. “ಆಕ್ಷೇಪಣೆ ವಾಪಸ್ ತಗೋತೀನಿ ಸರ್.”

ಅರ್ಥಶಾಸ್ತ್ರದ ಮೇಷ್ಟರು ಹಿಂದೆ ಬಿದ್ದಾರೆಯೇ? “ಪಾಪ, ಸಣ್ಣ ದೇಶ,” ಎಂದು ತಲೆಯಾಡಿಸಿದರು. “ಸಮುದ್ರ ಇಲ್ಲ, ಎಣ್ಣೆ ಇಲ್ಲ. ಆದ್ರೂ ವ್ಯಾಪಾರದಲ್ಲಿ ಭಾರೀ ಚುರುಕು.”

ನಿರ್ದೇಶಕರು ಹಿಗ್ಗಿಹೋದರು. ಎಲ್ಲರೆದುರಿಗೇ ವಿದೇಶಾಂಗ ಮೇಷ್ಟರ ಬೆನ್ನು ತಟ್ಟಿ, “ಇಂಥ ಪ್ರಶ್ನೆ ಹುಡುಕಿ ತಂದಿದೀರಲ್ಲ, ಭೇಷ್! ಇವತ್ತಿಂದಲೇ ನೀವು ಖಾಯಂ,” ಎಂದರು. ಚಪ್ಪಾಳೆ ಬಿತ್ತು. ಮೇಷ್ಟರು ಮನಸ್ಸಿನಲ್ಲೇ ಷಡ್ಡಕನ ಮುಂದೆ ಕಾಲು ಮೇಲೆ ಕಾಲು ಹಾಕಿ ಕೂತರು.

ಕೂತಿದ್ದರೆ ಸಾಕಿತ್ತು. ಆದರೆ ನಿರ್ದೇಶಕರು, “ಕೈ ಎತ್ತದೇ ಇರೋರು ಯಾರಾದ್ರೂ ಇದೀರಾ?” ಎಂದು ಕೇಳಿದರು.

ಕೊನೆಯ ಬೆಂಚಿನಲ್ಲಿ ಒಬ್ಬಳು ಹುಡುಗಿ ಎದ್ದಳು. “ನಾನು ‘ಆ’ ಅಂತ ಹಾಕ್ದೆ ಸರ್.”

“ಬ್ರಿಸೋನಿಯಾ ಗೊತ್ತಿಲ್ವಾ?”

“ಕೇಳೇ ಇಲ್ಲ ಸರ್.”

ಸಭಾಂಗಣ ಹೊಟ್ಟೆ ಹಿಡಿದುಕೊಂಡು ನಕ್ಕಿತು. “ಇಷ್ಟೂ ಗೊತ್ತಿಲ್ದೆ ಅಧಿಕಾರಿ ಆಗೋಕೆ ಹೊರಟಿದೀಯಾ? ನಾಳೆಯಿಂದ ನೀನು ಆರಂಭದ ತರಗತಿಯಲ್ಲಿ ಕೂತ್ಕೋ,” ಎಂದರು ನಿರ್ದೇಶಕರು. ಹುಡುಗಿ ತಲೆ ತಗ್ಗಿಸಿ ಪುಸ್ತಕಗಳನ್ನು ಚೀಲಕ್ಕೆ ತುಂಬತೊಡಗಿದಳು. ಇಡೀ ಕೋಣೆಯಲ್ಲಿ ಸರಿಯಾದ ಉತ್ತರ ಬರೆದವಳು ಅವಳೊಬ್ಬಳೇ.

ಮೇಷ್ಟರು ಹೆಂಡತಿಯನ್ನು ನೆನೆದರು. ನಾದಿನಿಯನ್ನು ನೆನೆದರು. ನೆನೆಯುತ್ತ ನೆನೆಯುತ್ತಲೇ ಎದ್ದು ನಿಂತುಬಿಟ್ಟಿದ್ದರು.

“ಆ ಹುಡುಗಿ ಬರೆದಿದ್ದೇ ಸರಿ. ಬ್ರಿಸೋನಿಯಾ ಅನ್ನೋ ದೇಶಾನೇ ಇಲ್ಲ.”

“ಇಲ್ಲ ಅಂದ್ರೆ?” ಎಂದರು ಇತಿಹಾಸದ ಮೇಡಂ. “ಯಾವಾಗಿಂದ ಇಲ್ಲ?”

“ಯಾವತ್ತೂ ಇರ್ಲಿಲ್ಲ ಮೇಡಂ! ನೋಡಿ ಬೇಕಾದ್ರೆ!”

ಮೇಷ್ಟರು ದಡದಡನೆ ವೇದಿಕೆಯಿಂದಿಳಿದು ಗೋಡೆಯ ಸ್ವಿಚ್ಚುಗಳನ್ನೆಲ್ಲ ಆರಿಸಿದರು. ಫ್ಯಾನುಗಳ ವೇಗ ತಗ್ಗಿತು. ಎಲ್ಲರ ಕುತ್ತಿಗೆಗಳೂ ಮೇಲಕ್ಕೆ ತಿರುಗಿದವು. ರೆಕ್ಕೆಗಳು ಒಂದೊಂದಾಗಿ ನಿಂತವು. ಬಟ್ಟಲು ಬಟ್ಟಲಿನ ಮೇಲೂ ಬಂಗಾರದ ಬಣ್ಣದ ಅಕ್ಷರ: ಬ್ರಿಸೋನಿಯಾ, ಬ್ರಿಸೋನಿಯಾ, ಬ್ರಿಸೋನಿಯಾ.

ಸತ್ಯ ಗೆದ್ದಿತು ಎಂದುಕೊಂಡರು ಮೇಷ್ಟರು.

ಅರ್ಥಶಾಸ್ತ್ರದ ಮೇಷ್ಟರು ಗಂಟಲು ಸರಿಮಾಡಿಕೊಂಡರು. “ನಾನು ಹೇಳ್ಲಿಲ್ವಾ, ವ್ಯಾಪಾರದಲ್ಲಿ ಚುರುಕು ಅಂತ? ಅವರ ಮುಖ್ಯ ರಫ್ತೇ ಫ್ಯಾನು.”

ಸಭಾಂಗಣದ ತುಂಬ ಪೆನ್ನುಗಳ ಸದ್ದು. ಎಲ್ಲರೂ ಬರೆದುಕೊಂಡರು.

ನಿರ್ದೇಶಕರು ಮೇಷ್ಟರನ್ನು ತಮ್ಮ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದರು. “ಏನ್ ಮೇಷ್ಟ್ರೇ ಇದು? ಮಕ್ಕಳಿಗೆ ಗೊತ್ತಿರೋ ದೇಶ ಪಾಠ ಹೇಳೋರಿಗೇ ಗೊತ್ತಿಲ್ಲ ಅಂದ್ರೆ ನಮ್ಮ ಸಂಸ್ಥೆ ಮರ್ಯಾದೆ ಏನಾಗ್ಬೇಕು?”

“ಸರ್, ಅದು ಫ್ಯಾನು...”

“ಒಂದೇ ಒಂದು ಆಕ್ಷೇಪಣೆ ಬಂದ್ರೂ ಕೆಲಸ ಇಲ್ಲ ಅಂದಿದ್ದೆ ತಾನೇ? ತಕರಾರು ಕೂಡ ವಾಪಸ್ ತಗೊಂಡ. ಉಳಿದಿರೋ ಆಕ್ಷೇಪಣೆ ನಿಮ್ಮದೊಂದೇ.”

ಮೇಷ್ಟರಿಗೆ ಈ ವಾದದಲ್ಲಿ ಒಂದು ತಪ್ಪೂ ಕಾಣಿಸಲಿಲ್ಲ. ಕಪಾಟಿನಿಂದ ತಮ್ಮ ಭೂಪಟದ ಸುರುಳಿ ತೆಗೆದುಕೊಂಡು ಮೆಟ್ಟಿಲಿಳಿದರು. ಕೆಳಗೆ ಆ ಹುಡುಗಿ ಕಾಯುತ್ತಿದ್ದಳು. ಒಬ್ಬಳಿಗಾದರೂ ನ್ಯಾಯ ಮುಟ್ಟಿತಲ್ಲ ಎಂದು ಅವರಿಗೆ ಕಣ್ಣು ತುಂಬಿ ಬಂತು.

“ಸರ್, ನನಗೋಸ್ಕರ ಅಷ್ಟು ದೊಡ್ಡ ಸುಳ್ಳು ಹೇಳಿದ್ರಲ್ಲ, ಯಾವತ್ತೂ ಮರೆಯಲ್ಲ,” ಎಂದಳು ಅವಳು. “ಬ್ರಿಸೋನಿಯಾದ ನೋಟ್ಸ್ ಎಲ್ಲಿ ಸಿಗುತ್ತೆ ಸರ್?”

ಮೇಷ್ಟರು ಭೂಪಟದ ಸುರುಳಿಯನ್ನು ಕಂಕುಳಿಗೇರಿಸಿ ರಸ್ತೆಗೆ ಬಂದರು. ಎದುರು ಬದಿಯಲ್ಲಿ ಇನ್ನೊಂದು ತರಬೇತಿ ಸಂಸ್ಥೆ. ಅದರ ಯಜಮಾನಿ ಬಾಗಿಲಲ್ಲೇ ನಿಂತು ಕೈಬೀಸಿದರು. “ಮೇಷ್ಟ್ರೇ, ಬನ್ನಿ ಬನ್ನಿ! ಬ್ರಿಸೋನಿಯಾ ಪ್ರಶ್ನೆ ತೆಗೆದೋರು ನೀವೇ ಅಲ್ವಾ?”

ಸುದ್ದಿ ಆಗಲೇ ರಸ್ತೆ ದಾಟಿತ್ತು. ಅವರು ಮೇಷ್ಟರನ್ನು ಏಸಿ ಹಾಕಿಸಿದ ತಮ್ಮ ತಣ್ಣನೆಯ ಹೊಸ ಕಚೇರಿಯೊಳಗೆ ಕೂರಿಸಿ ನೀರು ಕೊಟ್ಟರು. “ನಮ್ಮ ಹುಡುಗರು ಆಗ್ಲಿಂದ ತಲೆ ತಿಂತಿದಾರೆ, ಆ ದೇಶ ನಮಗ್ಯಾಕೆ ಹೇಳ್ಕೊಟ್ಟಿಲ್ಲ ಅಂತ. ನಾಳೆಯಿಂದಲೇ ಬನ್ನಿ. ಖಾಯಂ ಹುದ್ದೆ.”

“ಅಮ್ಮಾ, ಆ ದೇಶ...” ಎಂದು ಮೇಷ್ಟರು ಬಾಯಿ ತೆರೆದರು. ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಹೆಂಡತಿಯ ಸಂದೇಶ: ‘ತಂಗಿ, ತಂಗಿ ಗಂಡ ಇಬ್ಬರೂ ಬಂದು ಕೂತಿದಾರೆ. ಖಾಯಂ ತಾನೇ?’

ಮೇಷ್ಟರು ತೆರೆದ ಬಾಯಿಯನ್ನು ಒಂದು ಕ್ಷಣ ಹಾಗೇ ಇಟ್ಟುಕೊಂಡರು. “ಆ ದೇಶ ನನಗೆ ತುಂಬಾ ಹತ್ತಿರದ್ದು,” ಎಂದು ಮುಗಿಸಿದರು.

“ಹಾಗಂತಲೇ ನಾನೂ ಕೇಳಿದೀನಿ. ಸುಮ್ನೆ ಶಾಸ್ತ್ರಕ್ಕೆ ಒಂದೇ ಪ್ರಶ್ನೆ,” ಎಂದು ಯಜಮಾನಿ ಪೆನ್ನು ತೆರೆದರು. “ಬ್ರಿಸೋನಿಯಾದ ರಾಜಧಾನಿ ಯಾವುದು?”

ಮೇಷ್ಟರು ಒಂದಿಷ್ಟೂ ಬೆವರಲಿಲ್ಲ. ಬದುಕಿನಲ್ಲಿ ಮೊದಲ ಸಲ ತುಂಬು ಆತ್ಮವಿಶ್ವಾಸದಿಂದ ಕತ್ತೆತ್ತಿ ಮೇಲೆ ನೋಡಿದರು.

ಬರೀ ಬಿಳಿ ಸುಣ್ಣ. ಆ ಕೋಣೆಯಲ್ಲಿ ಫ್ಯಾನೇ ಇರಲಿಲ್ಲ.