ಮಾಸ್ಟರ್ ಎಡಕ್ಕೆ ವಾಲಿದ್ದು

ಕಂಪ್ಯೂಟರಿನಲ್ಲಿ ಮೊದಲ ಸಲ ಕಾರ್ ರೇಸ್ ಆಡಲು ಕೂತ ಕಟಿಂಗ್ ಮಾಸ್ಟರ್, ಆಟ ಶುರುವಾಗಿ ಒಂದು ನಿಮಿಷ ಆಗುವ ಮೊದಲೇ ಅಪಘಾತಕ್ಕೆ ಈಡಾದರು. ಕಾರಿಗೆ ಏನೂ ಆಗಲಿಲ್ಲ. ಉರುಳಿದ್ದು ಮಾಸ್ಟರ್!

ರಸ್ತೆ ಎಡಕ್ಕೆ ತಿರುಗಿತು. ಮಾಸ್ಟರ್ ಕೂಡ ಎಡಕ್ಕೆ ವಾಲಿದರು. ಅವರ ಕೆಳಗಿದ್ದ ಹೊಸ ತಿರುಗು ಕುರ್ಚಿ, ಕಾಲಿಗೆ ಐದು ಚಕ್ರ ಕಟ್ಟಿಕೊಂಡು ಬಂದದ್ದು, ಇದೇ ಸಮಯವೆಂದು ಬಲಕ್ಕೆ ಓಡಿತು. ಐವತ್ತೊಂದು ವರ್ಷದ, ಎಂಬತ್ತನಾಲ್ಕು ಕಿಲೋ ತೂಕದ ದೇಹ ಧೊಪ್ಪನೆ ನೆಲಕ್ಕೆ ಬಂತು. ಕೊರಳಲ್ಲಿದ್ದ ಅಳತೆ ಟೇಪು ಜಾರಿ ಪಕ್ಕದಲ್ಲೇ ಉದ್ದಕ್ಕೆ ಮಲಗಿತು, ಬಿದ್ದವರ ಅಳತೆ ತೆಗೆದುಕೊಳ್ಳುವ ಹಾಗೆ.

ಹೆಂಡತಿ ಸೌಟು ಹಿಡಿದುಕೊಂಡೇ ಓಡಿ ಬಂದರು.

"ಏನ್ರೀ ಅದು ಸದ್ದು?"

"ಏನಿಲ್ಲ, ಕುರ್ಚಿ ಬಿತ್ತು."

"ಕುರ್ಚಿ ನಿಂತೇ ಇದೆಯಲ್ರೀ!"

"ಅದೇ ಅದರ ದೋಷ. ಒಳ್ಳೇ ಕುರ್ಚಿ ಆಗಿದ್ರೆ ಜೊತೆಗೆ ಬೀಳ್ತಿತ್ತು."

"ರಸ್ತೆ ತಿರುಗಿದ್ದು ಕಂಪ್ಯೂಟರ್ ಒಳಗೆ. ಹೊರಗೆ ಕೂತಿದ್ದ ನೀವ್ಯಾಕೆ ತಿರುಗಿದ್ರಿ?"

ಮಾಸ್ಟರ್ ಟೇಪು ಎತ್ತಿ ಕೊರಳಿಗೆ ಹಾಕಿಕೊಂಡರು. ಹೆಂಡತಿ ಅವರ ತರಚಿದ ಎಡ ಮೊಣಕೈಯನ್ನು ನೋಡಿದರು. ಮೊಣಕೈಯ ಪಕ್ಕದ ಖಾಲಿ ನೆಲವನ್ನೂ ಒಂದು ಗಳಿಗೆ ನೋಡಿದರು. ಒಳಗೆ ಹೋದರು.

ಆ ಖಾಲಿ ಜಾಗದ ಕಥೆ ಹೇಳದೆ ಈ ಬೀಳುವಿಕೆಯ ಕಥೆ ಮುಂದೆ ಹೋಗುವುದಿಲ್ಲ.

ಮನೆಯ ಮುಂದಿನ ಕೋಣೆಯೇ ಮಾಸ್ಟರ ಹೊಲಿಗೆ ಅಂಗಡಿ. ನಡುಕೋಣೆಯಲ್ಲಿ ಟಿವಿ, ಅದರ ಕೆಳಗೆ ವಿಡಿಯೋ ಗೇಮ್ ಆಡುವ ಕನ್ಸೋಲ್, ಎದುರಿಗೆ ಇಬ್ಬರು ಕೂರುವ ಸೋಫಾ. ಆ ಸೋಫಾದ ಬಲಗಡೆ ಮಾಸ್ಟರಿಗೆ ಸೇರಿದ್ದು. ಎಡಗಡೆ ಪೈಲಟ್‌ಗೆ. ಪೈಲಟ್ ಎಂದರೆ ವಿಮಾನದವನಲ್ಲ. ಮಾಸ್ಟರ ಹೆಂಡತಿಯ ತಮ್ಮ, ಸಿಟಿ ಬಸ್ಸಿನ ಡ್ರೈವರ್. ಮದುವೆಯಾಗದೆ ಅಕ್ಕನ ಮನೆಯ ಮೇಲಿನ ಕೋಣೆಯಲ್ಲೇ ಇದ್ದ. ಬಸ್ಸನ್ನು ಗಂಟೆಗೆ ನಲವತ್ತರ ಮೇಲೆ ಓಡಿಸಿದ್ದನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಮನೆಯವರೆಲ್ಲ ಸೇರಿ ಇಟ್ಟ ಹೆಸರು ಅದು.

ಹನ್ನೊಂದು ವರ್ಷ! ಹನ್ನೊಂದು ವರ್ಷ ದಿನವೂ ಸಂಜೆ ಏಳಕ್ಕೆ, ಒಬ್ಬ ಕತ್ತರಿ ಕೆಳಗಿಟ್ಟು, ಇನ್ನೊಬ್ಬ ಸ್ಟೀರಿಂಗ್ ಬಿಟ್ಟು ಬಂದು, ಒಂದೊಂದು ಕಂಟ್ರೋಲರ್ ಕೈಗೆತ್ತಿಕೊಂಡು ಸೋಫಾದ ಮೇಲೆ ಜಗತ್ತಿನ ಸಕಲ ರಸ್ತೆಗಳನ್ನೂ ಗೆಲ್ಲಲು ಹೊರಡುತ್ತಿದ್ದರು. ಗೆಲ್ಲುತ್ತಿದ್ದದ್ದು ಯಾವಾಗಲೂ ಮಾಸ್ಟರೇ. ಯಾಕೆಂದರೆ ಪೈಲಟ್ ರೇಸಿನಲ್ಲೂ ಕೆಂಪು ದೀಪ ಕಂಡರೆ ನಿಲ್ಲುತ್ತಿದ್ದ!

"ಏಯ್, ಮಧ್ಯೆ ಯಾಕೋ ನಿಲ್ಲಿಸ್ದೆ? ಹಿಂದಿನವರೆಲ್ಲ ಮುಂದೆ ಹೋದ್ರು!"

"ಅಲ್ಲೊಬ್ರು ಹೆಂಗಸು ಕೈ ತೋರಿಸಿದ್ರು ಭಾವ."

"ಅವರು ರೇಸ್ ನೋಡೋಕೆ ಬಂದಿರೋ ಬೊಂಬೆ ಕಣೋ! ಚಪ್ಪಾಳೆ ಹೊಡೀತಿದಾರೆ!"

"ಇರಬಹುದು. ಆದ್ರೂ ಕೈ ಎತ್ತಿದ್ರಲ್ಲ ಭಾವ, ಬಿಟ್ಟು ಹೋಗೋದು ಹೇಗೆ?"

ಎಡ ತಿರುವು ಬಂದಾಗೆಲ್ಲ ಮಾಸ್ಟರ್ ಕಾರಿನ ಜೊತೆಗೇ ವಾಲುತ್ತಿದ್ದರು. ಎಂಬತ್ತನಾಲ್ಕು ಕಿಲೋ ಹೋಗಿ ಪೈಲಟ್‌ನ ಭುಜದ ಮೇಲೆ ಕೂರುತ್ತಿತ್ತು. ಅವನು ಟಿವಿಯಿಂದ ಕಣ್ಣು ತೆಗೆಯದೆ ಪ್ರತಿ ಸಲವೂ ಅದೇ ಮಾತು ಹೇಳುತ್ತಿದ್ದ: "ಟಿಕೆಟ್ ಇಲ್ಲದೆ ಹತ್ತಿದೀರಿ ಭಾವ, ಇಳೀರಿ." ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಭುಜ ಮಾತ್ರ ಸರಿಸಲಿಲ್ಲ.

ಎಂಟು ತಿಂಗಳ ಹಿಂದೆ ಒಂದು ಬೆಳಿಗ್ಗೆ ಪೈಲಟ್ ತುಂಬಿದ ಬಸ್ಸನ್ನು ನಿಲ್ದಾಣದ ಅಂಚಿಗೆ ನೀಟಾಗಿ ತಂದು ನಿಲ್ಲಿಸಿದ. ಹ್ಯಾಂಡ್‌ಬ್ರೇಕ್ ಎಳೆದ. ಬಾಗಿಲು ತೆರೆದ. ಸ್ಟೀರಿಂಗ್ ಮೇಲೆ ತಲೆಯಿಟ್ಟ. ಎತ್ತಲಿಲ್ಲ. ಪ್ರಯಾಣಿಕರಲ್ಲಿ ಒಬ್ಬರಿಗೂ ಒಂದು ಗೀರು ಕೂಡ ಆಗಲಿಲ್ಲ.

ಎಷ್ಟೋ ತಿಂಗಳಾದ ಮೇಲೆ ಒಂದು ಸಂಜೆ ಮಾಸ್ಟರ್ ಕನ್ಸೋಲ್ ಹಾಕಿದರು. ಅದು ಬಹಳ ಮರ್ಯಾದಸ್ಥ ಯಂತ್ರ. 'ಎರಡನೇ ಆಟಗಾರರಿಗಾಗಿ ಕಾಯುತ್ತಿದ್ದೇವೆ' ಎಂದು ಪರದೆಯ ಮೇಲೆ ಬರೆದು ಕಾಯತೊಡಗಿತು. ಮಾಸ್ಟರೂ ಅದರ ಜೊತೆ ಸ್ವಲ್ಪ ಹೊತ್ತು ಕಾದರು. ಆಮೇಲೆ ಸ್ವಿಚ್ ಆರಿಸಿ, ಎದ್ದು ನಿಂತು, ಮನೆಯೆಲ್ಲ ಕೇಳುವಂತೆ ಘೋಷಣೆ ಹೊರಡಿಸಿದರು.

"ಇವತ್ತಿಗೆ ಈ ಮನೇಲಿ ಕನ್ಸೋಲ್ ಯುಗ ಮುಗೀತು! ಇನ್ನು ಮೇಲೆ ಕಂಪ್ಯೂಟರ್! ಅದರಲ್ಲಿ ರಸ್ತೆ ಮೇಲಿನ ಒಂದೊಂದು ಜಲ್ಲಿಕಲ್ಲೂ ಬೇರೆ ಬೇರೆ ಕಾಣುತ್ತಂತೆ! ಕಾರಿನ ಸೀಟಿಗೆ ಹಾಕಿರೋ ಹೊಲಿಗೆ ಕೂಡ ಎಣಿಸಬಹುದಂತೆ! ಒಂದು ಮೇಜು, ಒಂದು ಕುರ್ಚಿ, ಒಬ್ಬ ಮನುಷ್ಯ. ಮುಗೀತು!"

ನರ್ಸಿಂಗ್ ಓದುವ ಮಗಳು ಪುಸ್ತಕದಿಂದ ತಲೆಯೆತ್ತಿದಳು. "ಇಂಗ್ಲಿಷಲ್ಲಿ ಕನ್ಸೋಲ್ ಅಂದ್ರೆ ಸಮಾಧಾನ ಮಾಡು ಅಂತಾನೂ ಅರ್ಥ ಇದೆ ಅಪ್ಪಾ."

"ಮಾಡ್ತಾ?" ಎಂದರು ಮಾಸ್ಟರ್. ಮಗಳು ಮತ್ತೆ ಪುಸ್ತಕಕ್ಕೆ ಇಳಿದಳು.

"ಆ ಹಳೇದನ್ನ ಯಾರಿಗಾದ್ರೂ ಕೊಟ್ಬಿಡೋಣ," ಎಂದು ಮಾಸ್ಟರ್ ಸೇರಿಸಿದ್ದೇ ತಡ, ಒಳಗಿನಿಂದ ಹೆಂಡತಿ ಬಂದು ಕನ್ಸೋಲನ್ನೂ ಎರಡು ಕಂಟ್ರೋಲರುಗಳನ್ನೂ ವೈರುಗಳ ಸಮೇತ ಬಾಚಿ ಎದೆಗವುಚಿಕೊಂಡರು.

"ಕೊಡಿ ನೋಡೋಣ! ಎಂಟು ತಿಂಗಳಾಯ್ತು. ನನ್ನ ತಮ್ಮನ ಬಗ್ಗೆ ನಿಮ್ಮ ಬಾಯಿಂದ ಒಂದು ಮಾತು ಬಂದಿಲ್ಲ. ಅವನ ಬಟ್ಟೆ ಮಡಿಸುವಾಗ ಬರಲಿಲ್ಲ, ಅವನ ಕೋಣೆಗೆ ಬೀಗ ಹಾಕುವಾಗ ಬರಲಿಲ್ಲ. ಜಲ್ಲಿಕಲ್ಲಿನ ಬಗ್ಗೆ ಮಾತ್ರ ಭಾಷಣ ಬರುತ್ತೆ!"

"ಅದು ಗ್ರಾಫಿಕ್ಸ್ ಕಣೇ, ನಿನಗೆ..."

"ನನಗೆ ಗ್ರಾಫಿಕ್ಸ್ ಬೇಡ. ಒಂದು ಮಾತು ಸಾಕಾಗಿತ್ತು."

ಹೆಂಡತಿ ಎಲ್ಲವನ್ನೂ ತಮ್ಮ ಸೀರೆಗಳ ಬೀರುವಿನಲ್ಲಿಟ್ಟು ಬಾಗಿಲು ಹಾಕಿದರು. ಮಾಸ್ಟರ್ ಕಂಪ್ಯೂಟರ್ ತಂದರು. ಬಿದ್ದರು.

ಬಿದ್ದವರು ಆಟ ಬಿಟ್ಟರೇ? ಛೆ! ಮೂವತ್ತು ವರ್ಷ ಎಂತೆಂಥ ಹೊಟ್ಟೆಗಳನ್ನು ಎಂತೆಂಥ ಪ್ಯಾಂಟುಗಳೊಳಗೆ ಕೂರಿಸಿದ ಕೈ ಅದು! ಮಾರನೆಯ ಸಂಜೆಯೇ ಸುಧಾರಣೆಗಳು ಆರಂಭವಾದವು. ಕೀಬೋರ್ಡಿನಲ್ಲಿ ನೂರಕ್ಕೂ ಮೇಲೆ ಗುಂಡಿಗಳು. ಮಾಸ್ಟರ್ ಜನ್ಮದಲ್ಲಿ ಒಂದು ಅಂಗಿಗೆ ಏಳಕ್ಕಿಂತ ಹೆಚ್ಚು ಗುಂಡಿ ಹಾಕಿದವರಲ್ಲ. ಬೇಕಾದ ನಾಲ್ಕು ಕೀಲಿಗಳು ಕೈಗೆ ಸಿಗಲೆಂದು ಅವುಗಳ ಮೇಲೆ ಕೋಟಿನ ಬಟ್ಟೆಯ ತುಂಡುಗಳನ್ನು ಅಂಟಿಸಿದರು. ಎಡಕ್ಕೆ ಬೂದು, ಬಲಕ್ಕೆ ಕಂದು, ಮುಂದಕ್ಕೆ ನೀಲಿ, ಬ್ರೇಕಿಗೆ ಕಪ್ಪು. ವೇಗ ಬೇಕೆನಿಸಿದಾಗೆಲ್ಲ ಮೇಜಿನ ಕೆಳಗೆ ಬಲಗಾಲು ಹೊಲಿಗೆ ಯಂತ್ರ ತುಳಿಯುತ್ತಿತ್ತು. ಅಲ್ಲಿ ಯಂತ್ರವಿರಲಿಲ್ಲ, ವೈರುಗಳಿದ್ದವು. ಕಂಪ್ಯೂಟರ್ ಎರಡು ಸಲ ಆರಿಹೋಯಿತು.

"ಅಪ್ಪಾ, ನಿನಗೆ ಕೀಬೋರ್ಡ್ ಆಗಲ್ಲ ಬಿಡು," ಎಂದಳು ಮಗಳು. "ಹಳೇ ಕಂಟ್ರೋಲರನ್ನೇ ಇದಕ್ಕೆ ಚುಚ್ಚಬಹುದು. ಅಮ್ಮನ ಬೀರುವಿನಲ್ಲಿದೆ, ತಗೊಂಡು ಬಾ."

ಮಾಸ್ಟರ್ ಬೀರು ತೆರೆದು, ಬಟ್ಟೆಗಳ ನಡುವೆ ಕೈಯಾಡಿಸಿ, ಸಿಕ್ಕಿದ ಕಂಟ್ರೋಲರನ್ನು ತಂದು ಚುಚ್ಚಿದರು. ಪರದೆಯ ಮೇಲೆ ಒಂದು ಚೌಕ ಮೂಡಿತು. ಮಗಳು ಓದಿ ಹೇಳಿದಳು:

"ಡ್ರೈವರ್ ಇಲ್ಲ ಅಂತಿದೆ."

ಅಡಿಗೆಮನೆಯಲ್ಲಿ ಹರಿಯುತ್ತಿದ್ದ ನಲ್ಲಿ ನಿಂತಿತು.

"ಅಂದ್ರೆ, ಅದು ಒಂದು ಪ್ರೋಗ್ರಾಮ್ ಅಪ್ಪಾ, ಇನ್ನೊಂದು ಹಾಕ್ಕೊಂಡ್ರೆ..." ಎಂದು ಮಗಳು ತೊದಲಿದಳು. ಮಾಸ್ಟರ್ ಆಗ ಕೈಯಲ್ಲಿದ್ದುದನ್ನು ನೋಡಿಕೊಂಡರು. ಹಿಡಿಗೆ ಕೆಂಪು ಟೇಪು ಸುತ್ತಿತ್ತು. ಬಸ್ಸಿನ ಸ್ಟೀರಿಂಗಿಗೆ ಸುತ್ತಿದ ಹಾಗೆ ಪೈಲಟ್ ತಾನೇ ಕೂತು ಸುತ್ತಿಕೊಂಡ ಟೇಪು. ತಂದದ್ದು ತಮ್ಮದಲ್ಲ.

"ಇನ್ನೊಂದು ಬೇಡ," ಎಂದು ಅದನ್ನು ಕಿತ್ತರು. ವೈರನ್ನು ನಿಧಾನಕ್ಕೆ ಸುತ್ತಿದರು. ತಾವೇ ಹೋಗಿ ಬೀರುವಿನಲ್ಲಿಟ್ಟು ಬಂದರು. ನಲ್ಲಿ ಮತ್ತೆ ಹರಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಆ ವಾರ ಮಾಸ್ಟರ್ ಇನ್ನೂ ಎರಡು ಸಲ ಬಿದ್ದರು. ಒಂದು ಸಲ ತಿರುಗು ಕುರ್ಚಿಯಿಂದ, ಒಂದು ಸಲ ಅದರ ಬದಲಿಗೆ ತಂದ ಮರದ ಸ್ಟೂಲಿನಿಂದ. ಎರಡೂ ಸಲ ಎಡಕ್ಕೇ! ಬಲ ತಿರುವುಗಳಲ್ಲಿ ಮನುಷ್ಯ ಕಂಬದ ಹಾಗೆ ಕೂತಿರುತ್ತಿದ್ದರು.

"ನೀವು ಎಡಗಡೆ ಬರೀ ಗಾಳಿ ಇದೆ ಅಂತ ಒಂದು ಸಲ ನೋಡಿಕೊಂಡು ಕೂರಬಾರದೇನ್ರೀ?" ಎಂದರು ಹೆಂಡತಿ, ಮೊಣಕೈಗೆ ಮುಲಾಮು ಹಚ್ಚುತ್ತ.

"ನೆಲ ಇಳಿಜಾರಾಗಿದೆ ಕಣೇ. ಮನೆ ಕಟ್ಟಿದವನು ಸರಿಯಿಲ್ಲ."

"ಹನ್ನೊಂದು ವರ್ಷ ಇಳಿಜಾರಿರಲಿಲ್ಲ?"

"ಸೋಫಾ ಭಾರ ಇತ್ತು."

"ಸೋಫಾ!" ಎಂದರು ಹೆಂಡತಿ. ಮುಲಾಮಿನ ಮುಚ್ಚಳವನ್ನು ಅಗತ್ಯಕ್ಕಿಂತ ಗಟ್ಟಿಯಾಗಿ ತಿರುಗಿಸಿದರು.

ಆಗಲೇ ಮಾಸ್ಟರಿಗೆ ಆ ಮಹಾ ಉಪಾಯ ಹೊಳೆದದ್ದು. ವಿಜ್ಞಾನಿಗಳಿಗೆ ಹೊಳೆಯುವುದಿಲ್ಲ, ಇಂಜಿನಿಯರುಗಳಿಗೆ ಹೊಳೆಯುವುದಿಲ್ಲ. ಬಟ್ಟೆಯಲ್ಲಿ ಬಾಳು ಕಳೆದವರಿಗೆ ಮಾತ್ರ ಹೊಳೆಯುತ್ತದೆ. ಜಾರುವ ಲಂಗವನ್ನು ಸೊಂಟದಲ್ಲಿ ನಿಲ್ಲಿಸುವುದು ಯಾವುದು? ಎಲಾಸ್ಟಿಕ್! ಹಾಗಾದರೆ ಜಾರುವ ಟೈಲರನ್ನು ಕುರ್ಚಿಯಲ್ಲಿ ನಿಲ್ಲಿಸಲು? ಅದೇ!

ಎರಡಿಂಚು ಅಗಲದ, ಒಳ್ಳೆಯ ಬಿಗಿಯ ಎಲಾಸ್ಟಿಕ್ಕನ್ನು ಸೊಂಟಕ್ಕೆ ಸುತ್ತಿಕೊಂಡು, ಡಬಲ್ ಹೊಲಿಗೆ ಹಾಕಿ, ಇನ್ನೊಂದು ತುದಿಯನ್ನು ಬಲಗಡೆ ಇದ್ದ ಅತ್ಯಂತ ಭಾರದ ವಸ್ತುವಿಗೆ ಬಿಗಿದರು. ಬಲಗಡೆ ಇದ್ದ ಅತ್ಯಂತ ಭಾರದ ವಸ್ತು ಯಾವುದು? ಇನ್ನೊಂದು ಸ್ಟೂಲಿನ ಮೇಲೆ ಕೂತಿದ್ದ ಕಂಪ್ಯೂಟರಿನ ಡಬ್ಬವೇ!

ಸಂಜೆ ಏಳು. ಮಾಸ್ಟರ್ ಆಟ ಹಾಕಿದರು. ಕಾರು ಹೊರಟಿತು. ಬಲ ತಿರುವು, ದಾಟಿತು. ನೇರ ರಸ್ತೆ. ಸೇತುವೆ. ಸೇತುವೆ ಇಳಿದ ಕೂಡಲೆ ದೊಡ್ಡದೊಂದು ಎಡ ತಿರುವು. ಮಾಸ್ಟರ್ ವಾಲಿದರು. ಎಲಾಸ್ಟಿಕ್ ತನ್ನ ಧರ್ಮಕ್ಕೆ ತಕ್ಕಂತೆ ಹಿಗ್ಗಿತು. ಇನ್ನೂ ವಾಲಿದರು, ಇನ್ನೂ ಹಿಗ್ಗಿತು. ಇನ್ನು ಹಿಗ್ಗಲಾರೆ ಎನಿಸಿದಾಗ ಡಬ್ಬವನ್ನು ಸ್ಟೂಲಿನಿಂದ ಕಿತ್ತು ಮಾಸ್ಟರ ಹಿಂದೆಯೇ ಕಳಿಸಿತು! ಮೊದಲು ಯಜಮಾನರು, ಅವರ ಮೇಲೆ ಕಂಪ್ಯೂಟರು, ಅದರ ಹಿಂದೆ ಕೀಬೋರ್ಡು. ಪರದೆ ಕಪ್ಪಾಯಿತು.

ಮನೆಯವರು ಬಂದು ಎತ್ತುವ ತನಕ ಮಾಸ್ಟರ್ ಏಳಲು ಪ್ರಯತ್ನಿಸಲಿಲ್ಲ. ಕತ್ತಲೆ ಪರದೆಯನ್ನು ನೋಡುತ್ತ ಹಾಗೇ ಮಲಗಿದ್ದರು.

"ನೋವಾಯ್ತಾ ಅಪ್ಪಾ?"

"ಇಳೀರಿ ಅನ್ನಲಿಲ್ಲ," ಎಂದರು ಮಾಸ್ಟರ್.

"ಯಾರು?"

"ಯಾರೂ ಇಲ್ಲ. ಕತ್ತರಿ ತಗೊಂಡು ಬಾ, ಈ ಎಲಾಸ್ಟಿಕ್ ಬಿಚ್ಚು."

ಮಾರನೆಯ ಬೆಳಿಗ್ಗೆ ಗಂಡ ಹೆಂಡತಿ ಡಬ್ಬವನ್ನು ಹಳೆಯ ಕೋಟಿನಲ್ಲಿ ಸುತ್ತಿ ರಿಪೇರಿ ಅಂಗಡಿಗೆ ಹೊತ್ತೊಯ್ದರು. ಮಾಸ್ಟರ್ ದಾರಿಯುದ್ದಕ್ಕೂ ವಾದ ಸಿದ್ಧಪಡಿಸುತ್ತಿದ್ದರು. "ಗ್ರಾಫಿಕ್ಸ್ ಕಾರ್ಡೇ ಸರಿಯಿಲ್ಲ ಅಂತೀನಿ. ಪ್ರೊಸೆಸರ್ ದುರ್ಬಲ ಅಂತೀನಿ. ತಿರುವಿನಲ್ಲಿ ತಡೆಯೋ ಶಕ್ತಿ ಇಲ್ಲದ ಮಿಷಿನ್ ಇದು, ಮೊದಲಿನಿಂದಲೇ ದೋಷ ಇತ್ತು ಅಂತೀನಿ!"

"ಅನ್ನಿ," ಎಂದರು ಹೆಂಡತಿ.

ಅಂಗಡಿಯ ರಿಪೇರಿ ಮೇಡಂ ಕನ್ನಡಕವನ್ನು ತಲೆಗೇರಿಸಿ, ಕೋಟು ಬಿಚ್ಚಿ, ಡಬ್ಬದ ಮುಚ್ಚಳ ತೆಗೆದು, ಒಳಗೆ ಬೆರಳಾಡಿಸಿದರು. ಒಂದು ವೈರನ್ನು ಒತ್ತಿ ಕೂರಿಸಿ ಸ್ವಿಚ್ ಹಾಕಿದರು. ಕಂಪ್ಯೂಟರ್ ಸುಖವಾಗಿ ಗುಂಯ್‌ಗುಟ್ಟಿತು!

"ವೈರ್ ಕಳಚಿತ್ತು ಅಷ್ಟೇ ಸರ್. ಗ್ರಾಫಿಕ್ಸ್, ಪ್ರೊಸೆಸರ್, ಎಲ್ಲಾ ನೋಡ್ದೆ. ಬಹಳ ಗಟ್ಟಿ ಮಿಷಿನ್."

ಮಾಸ್ಟರ ಮುಖ ಇಳಿಯಿತು. ಕುರ್ಚಿ ಸರಿಯಿತ್ತು, ಸ್ಟೂಲು ಸರಿಯಿತ್ತು, ಈಗ ಇದೂ ಸರಿಯಿದೆ! ದೂರಲು ಲೋಕದಲ್ಲಿ ಇನ್ನೇನೂ ಉಳಿದಿರಲಿಲ್ಲ.

ಮೇಡಂ ಒಂದು ಫಾರಂ ಎಳೆದುಕೊಂಡು ಪೆನ್ನು ಬಿಚ್ಚಿದರು. "ಇಲ್ಲಿ 'ದೋಷದ ವಿವರ' ಅಂತ ಒಂದು ಕಾಲಂ ಇದೆ ಸರ್, ಖಾಲಿ ಬಿಡೋ ಹಾಗಿಲ್ಲ. ಆಡುವಾಗ ಮೊದಲಿನಿಂದ ಇದರಲ್ಲಿ ಬೇರೆ ಏನಾದ್ರೂ ತೊಂದರೆ ಇತ್ತಾ?"

ಮಾಸ್ಟರ್ ಗಂಟಲು ಸರಿಮಾಡಿಕೊಂಡರು. ದಾರಿಯುದ್ದಕ್ಕೂ ಹೊಲಿದು ತಂದಿದ್ದ ಮಾತುಗಳಿಗಾಗಿ ತಡಕಾಡಿದರು. ಒಂದೂ ಕೈಗೆ ಸಿಗಲಿಲ್ಲ. ಪಕ್ಕದಲ್ಲಿ ಹೆಂಡತಿ ಕೋಟು ಮಡಿಸುತ್ತಿದ್ದರು.

"ಹೇಳಿ ಸರ್, ಏನಂತ ಬರೀಲಿ?"

"ಎಡಗಡೆ ಯಾರೂ ಇಲ್ಲಮ್ಮ," ಎಂದರು ಮಾಸ್ಟರ್.